ಮೊದಲು ಬಾಯಿ, ಆಮೇಲೆ ದನಿ

ನಾನು ಫ್ರೆಂಚ್ ಕಲಿಯಲು ಶುರುಮಾಡಿದ ವರ್ಷವೇ ನಮ್ಮಪ್ಪನ ದನಿ ಹೋಯಿತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಗತಿಗಳು. ಆದರೂ ಇವತ್ತಿಗೂ ಯಾರಾದರೂ ಫ್ರೆಂಚಿನಲ್ಲಿ ನಾಲ್ಕು ಮಾತಾಡಿದರೆ ನನಗೆ ನೆನಪಾಗುವುದು ಬಾಗಲಗುಂಟೆಯ ನಮ್ಮ ಮನೆಯ ಜಗಲಿ, ಅಲ್ಲಿ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತ ಅಪ್ಪ.

ತೊಂಬತ್ತರ ದಶಕದ ನಡುಭಾಗ. ಡಿಪ್ಲೊಮಾ ಮುಗಿಸಿ ಪೀಣ್ಯದ ಎರಡನೇ ಹಂತದಲ್ಲಿ ಸ್ವಿಚ್ಚು, ರಿಲೇ ಮಾಡುವ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗಕ್ಕೆ ಸೇರಿದ್ದೆ. ಫ್ರಾನ್ಸಿನ ಒಂದು ಕಂಪನಿ ನಮ್ಮ ಕಂಪನಿಯ ಜೊತೆ ಕೈಜೋಡಿಸಿತು. ಹೊಸ ಯಂತ್ರಗಳು ಬರುತ್ತವೆ, ಅವುಗಳ ಕೆಲಸ ಕಲಿಯಲು ಇಬ್ಬರನ್ನು ಅಲ್ಲಿಗೆ ಕಳಿಸುತ್ತಾರೆ, ಹೋಗುವವರಿಗೆ ಅಲ್ಲಿನ ಭಾಷೆ ಬರಬೇಕು ಎಂದು ಸುದ್ದಿಯಾಯಿತು. ಮೊದಲ ಪಾಳಿ ಬಿಟ್ಟಮೇಲೆ ಕ್ಯಾಂಟೀನಿನಲ್ಲಿ ತರಗತಿ. ಬೇಕಾದವರು ಹೆಸರು ಕೊಡಿ ಎಂದರು. ನಾನು ಹಿಂದೆಮುಂದೆ ನೋಡದೆ ಕೊಟ್ಟೆ.

ಭಾಷೆಯ ವಿಷಯದಲ್ಲಿ ನನಗೆ ಜಂಬವಿತ್ತು. ಮನೆಯಲ್ಲಿ ಹಳ್ಳಿಯ ಕನ್ನಡ. ನಮ್ಮದು ಆ ಕಡೆಯ ಹಳೇ ಮನೆತನ. ಕಾರ್ಖಾನೆಗಳು ಬರುವ ಮುಂಚೆ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಯಾರದೋ ಶೆಡ್ಡು ನಿಂತಿದೆ. ಹಿಂದಿನ ಮನೆಯವರ ತೆಲುಗು ಗೋಡೆ ದಾಟಿ ಬರುತ್ತಿತ್ತು, ಅದು ತಾನಾಗಿ ಬಂತು. ಕಾರ್ಖಾನೆಯಲ್ಲಿ ನನ್ನ ಮೇಜಿನ ಎರಡೂ ಪಕ್ಕ ತಮಿಳು. ಹಿಂದಿ, ಇಂಗ್ಲಿಷು ಓದಿನಿಂದ. ಇನ್ನು ನಮ್ಮೂರಿನ ಉರ್ದು ಚಾಚಾ ಕಡೆಯಿಂದ. ಚಾಚಾ ಎಂದರೆ ಅಪ್ಪನ ಜೊತೆ ಒಂದೇ ಕಾರ್ಖಾನೆಯಲ್ಲಿ ಎದುರುಬದುರು ಮಷೀನಿನಲ್ಲಿ ದುಡಿಯುತ್ತಿದ್ದವರು, ಅಪ್ಪನ ಏಕೈಕ ಸ್ನೇಹಿತ. ಇಷ್ಟೆಲ್ಲ ಇಟ್ಟುಕೊಂಡವಳಿಗೆ ಇನ್ನೊಂದು ಭಾಷೆ ಯಾವ ಮಹಾ ಅಂದುಕೊಂಡಿದ್ದೆ.

ಪಾಠ ಹೇಳಲು ಬರುತ್ತಿದ್ದ ಮೇಡಂ ಪಾಂಡಿಚೇರಿಯಲ್ಲಿ ಹುಟ್ಟಿ ಬೆಳೆದವರು. ಪೇಟೆಯಿಂದ ಬಸ್ಸು ಬದಲಿಸಿ ಬದಲಿಸಿ, ಬೆವರಿನಲ್ಲಿ ತೊಯ್ದು, ಕೊಡೆ ಹಿಡಿದು ಬರುತ್ತಿದ್ದರು. ಮೊದಲ ದಿನ ನಮಗೆ ಪುಸ್ತಕ ಕೊಡಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಕನ್ನಡಿ ತರಲು ಹೇಳಿದರು. ನಮ್ಮ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಮರುದಿನ ಬಂದ ಕನ್ನಡಿಗಳಲ್ಲಿ ಒಂದು ಸ್ಕೂಟರಿನದಾಗಿತ್ತು.

“ಫಸ್ಟ್ ಬಾಯಿ, ಆಮೇಲೆ ದನಿ” ಎನ್ನುವುದು ಮೇಡಂ ಅವರ ನಿತ್ಯದ ಮಾತು. “ಬಾಯಿ ಸರಿ ಇಲ್ಲಾಂದ್ರೆ ದನಿ ಎಲ್ಲಿಂದ ಬರತ್ತೆ ಹೇಳಿ?”

ನಾಲಿಗೆ “ಈ” ಅನ್ನುವ ಜಾಗದಲ್ಲಿರಬೇಕು, ತುಟಿ ಮಾತ್ರ “ಊ” ಅನ್ನಬೇಕು. ಆಗ ಹುಟ್ಟುವ ಸ್ವರ ನಮ್ಮ ಯಾವ ಭಾಷೆಯಲ್ಲೂ ಇಲ್ಲ. ಮೂಗಿನಲ್ಲಿ ಹೊರಡುವ ಸ್ವರಗಳು ಹಿಂದಿ ಓದಿದವರಿಗೆ ಸುಲಭವಾದವು. ಪದದ ಕೊನೆಯ ಅಕ್ಷರ ನುಂಗಿಬಿಡಿ ಎಂದಾಗ ನಮಗೆಲ್ಲ ಖುಷಿ. ಬೆಂಗಳೂರಿನವರಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಲ್ಲರೂ ಒದ್ದಾಡಿದ್ದು ರಕಾರಕ್ಕೆ. ಅದು ನಾಲಿಗೆಯ ತುದಿಯಲ್ಲಿ ಹುಟ್ಟುವುದಲ್ಲ, ಗಂಟಲಿನ ಹಿಂಭಾಗದಲ್ಲಿ ಉಜ್ಜಿಕೊಂಡು ಬರುವುದು. ಚಾಚಾ “ಗರೀಬ್” ಅನ್ನುವಾಗ ಅವರ ಗಂಟಲಲ್ಲಿ ಆಗುವ ಸದ್ದನ್ನು ನೆನೆಸಿಕೊಂಡು ನಾನು ಒಂದೇ ಏಟಿಗೆ ಹೇಳಿಬಿಟ್ಟೆ. ಮೇಡಂ ನನ್ನನ್ನೇ ನೋಡಿದರು.

“ಎಲ್ಲಿ ಕಲಿತ್ರಿ ಇದನ್ನ?”

“ಇಲ್ಲೇ, ಪೀಣ್ಯದಲ್ಲಿ” ಎಂದೆ. ಎಲ್ಲರೂ ನಕ್ಕರು. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ.

ಮನೆಗೆ ಬಂದು ಆ ಸದ್ದನ್ನು ಮತ್ತೆ ಮಾಡಿ ತೋರಿಸಿದೆ. ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ರಟ್ಟೆ ಹಿಡಿದಳು.

“ಆ ಗೊರಗೊರ ಸದ್ದು ಈ ಮನೇಲಿ ಬ್ಯಾಡ” ಎಂದಳು.

ಅಪ್ಪ ಜಗಲಿಯಲ್ಲಿ ಕೂತಿದ್ದ. ಅವನ ಕೈ ತಾನಾಗಿ ಕುತ್ತಿಗೆಯ ಬಟ್ಟೆಯ ಮೇಲೆ ಹೋಗಿತ್ತು. ಆಪರೇಷನ್ ಆಗಿ ಆಗಿನ್ನೂ ಸ್ವಲ್ಪ ದಿನವಾಗಿತ್ತು. ಗಂಟಲಲ್ಲಿ ಗಡ್ಡೆ ಎಂದು ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಉಸಿರಾಟಕ್ಕೆ ಕುತ್ತಿಗೆಯಲ್ಲಿ ಒಂದು ತೂತು. ಕಫ ಕಟ್ಟಿದಾಗ ಅಲ್ಲಿಂದ ಥೇಟ್ ಅದೇ ಸದ್ದು ಬರುತ್ತಿತ್ತು. ನನಗೆ ನಾಚಿಕೆಯಿಂದ ಅನ್ನ ಇಳಿಯಲಿಲ್ಲ. ಆಮೇಲೆ ನನ್ನ ರಕಾರದ ಅಭ್ಯಾಸವೆಲ್ಲ ಬಸ್‌ಸ್ಟಾಪಿನಲ್ಲಿ, ಲಾರಿಗಳ ಸದ್ದಿನ ಮರೆಯಲ್ಲಿ.

ಅಪ್ಪನ ದನಿ ಹೇಗಿತ್ತು ಎಂದು ಹೇಳಬೇಕು. ಅವನು ತಗಡು ಕತ್ತರಿಸಿ ಅಚ್ಚೊತ್ತುವ ಪ್ರೆಸ್ ಶಾಪಿನಲ್ಲಿ ಪ್ರಾಯವನ್ನೆಲ್ಲ ಕಳೆದವನು. ಸಾಲಾಗಿ ನಿಂತ ಪ್ರೆಸ್ಸುಗಳು ಬೆಳಗಿನಿಂದ ಸಂಜೆಯವರೆಗೆ ಢಂ ಢಂ ಎಂದು ಬೀಳುವ ಜಾಗ. ಅಲ್ಲಿಂದ ಬಂದವನು ಮನೆಯಲ್ಲೂ ಅದೇ ಅಳತೆಯಲ್ಲಿ ಕಿರುಚುತ್ತಿದ್ದ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಾಗಿದೆ ಎಂಬುದು ಬೀದಿಯ ಕೊನೆಯ ಮನೆಯವರಿಗೂ ಗೊತ್ತಾಗುತ್ತಿತ್ತು. ಅವನು ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಾರೆ ಎಂದು ಅಮ್ಮ ರೇಗಿಸುತ್ತಿದ್ದಳು. ಅಂಥ ದನಿ ಒಂದು ಬೆಳಗ್ಗೆ ಆಪರೇಷನ್ ಥಿಯೇಟರಿನ ಬಾಗಿಲ ಒಳಗೆ ಹೋಯಿತು, ಹಿಂದಿರುಗಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಬೀದಿಯವರೇ ಬಂದು ಏನಾಯಿತೆಂದು ವಿಚಾರಿಸಿದರು.

ಬರೆದು ಹೇಳಲು ಅಪ್ಪನಿಗೆ ಬರುತ್ತಿರಲಿಲ್ಲ. ಸಹಿ ಹಾಕುವುದನ್ನು ಮಾತ್ರ ಕಾರ್ಖಾನೆಗೆ ಸೇರುವಾಗ ಕಲಿತಿದ್ದ. ನಾನು ಸ್ಲೇಟು ತಂದು ಅಕ್ಷರ ತಿದ್ದಿಸಲು ಹೋದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಅದನ್ನು ಎಸೆದ. ಕೈಸನ್ನೆ ಮಾಡಿದರೆ ಅಮ್ಮ ನೀರು ಎಂದು ಓಡುವಳು. ಅವನಿಗೆ ಬೇಕಾಗಿದ್ದು ನೀರಲ್ಲ. ಇವಳು ಒಂದೊಂದಾಗಿ ತಂದು ತೋರಿಸುವುದು, ಅವನು ಒಂದೊಂದಕ್ಕೂ ತಲೆಯಾಡಿಸಿ ಅಲ್ಲ ಎನ್ನುವುದು, ಕೊನೆಗೆ ಬೇಸತ್ತು ಗೋಡೆಗೆ ತಿರುಗುವುದು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋಗುವಳು. ನಮ್ಮ ಮನೆಯ ಮಾತುಕತೆ ಅಂದರೆ ಅಷ್ಟೇ ಆಗಿಬಿಟ್ಟಿತ್ತು.

ಆದರೆ ವಾರದ ರಜೆಯ ದಿನ ಚಾಚಾ ಬರುತ್ತಿದ್ದರು. ಅವತ್ತು ಜಗಲಿಯ ಮೇಲೆ ಒಂದು ಪವಾಡ ನಡೆಯುತ್ತಿತ್ತು.

ಚಾಚಾ ಬಂದು ಅಪ್ಪನ ಎದುರಿಗೆ, ಅವರು ಮಷೀನಿನಲ್ಲಿ ನಿಲ್ಲುತ್ತಿದ್ದಷ್ಟೇ ದೂರದಲ್ಲಿ ಕೂರುವರು. ಅಪ್ಪ ಬಾಯಿ ಆಡಿಸುವನು. ಚಾಚಾ ಕೂಡ ದನಿಯಿಲ್ಲದೆ ಬಾಯಿ ಆಡಿಸುವರು. ಕೈ ಸ್ವಲ್ಪ ಏಳುವುದು, ಇಳಿಯುವುದು. ಇದ್ದಕ್ಕಿದ್ದಂತೆ ಇಬ್ಬರ ಭುಜವೂ ನಗುವಿನಿಂದ ಕುಲುಕುವುದು. ಗಂಟೆಗಟ್ಟಲೆ ಹೀಗೆ. ಪ್ರೆಸ್ ಶಾಪಿನಲ್ಲಿ ಒಬ್ಬರ ಮಾತು ಒಬ್ಬರ ಕಿವಿಗೆ ಬೀಳುವಂತಿಲ್ಲ. ಅಲ್ಲಿನವರು ವರ್ಷಗಟ್ಟಲೆ ಬರೀ ತುಟಿ ನೋಡಿ ಮಾತಾಡುವವರು. ಸೂಪರ್‌ವೈಸರ್ ಬಂದ ಎನ್ನುವುದಕ್ಕೆ ಇಲ್ಲದ ಮೀಸೆ ತೀಡುವುದು, ಮಷೀನು ನಿಂತಿತು ಎನ್ನುವುದಕ್ಕೆ ಅಂಗೈ ಕೆಳಗೆ ಮಾಡಿ ಒತ್ತುವುದು, ಉಳಿದದ್ದೆಲ್ಲ ತುಟಿ. ಹೊರಗಿನವರ ಪಾಲಿಗೆ ಅಪ್ಪ ಮೂಕನಾಗಿದ್ದ. ಚಾಚಾ ಪಾಲಿಗೆ ಅವನು ಮೊದಲಿನಂತೆಯೇ ಮಾತಾಡುತ್ತಿದ್ದ.

ಅಮ್ಮ ವಾರವಿಡೀ ಪ್ರಶ್ನೆಗಳನ್ನು ಕೂಡಿಟ್ಟುಕೊಂಡು ಚಾಚಾಗೆ ಟೀ ಕೊಡುವಾಗ ಕೇಳುವಳು. “ಅಣ್ಣ, ಟ್ರಂಕಿನ ಬೀಗದ ಕೈ ಎಲ್ಲಿಟ್ಟವ್ರೆ ಕೇಳಿ. ಮುದ್ದೆ ಯಾಕೆ ಬ್ಯಾಡ ಅಂತಾರೆ ಕೇಳಿ. ನನ್ನ ಮ್ಯಾಲೆ ಯಾಕೆ ಕ್ವಾಪ ಕೇಳಿ.”

ಚಾಚಾ ಅಪ್ಪನ ಬಾಯಿ ನೋಡಿ ಹೇಳುವರು. “ಕೋಪ ಇಲ್ಲ ಅಕ್ಕ. ನೀವು ಅಳ್ತೀರಲ್ಲ, ಅದು ನೋಡಕ್ಕಾಗಲ್ಲಂತೆ, ಅದಕ್ಕೆ ಆ ಕಡೆ ತಿರುಗ್ತಾನಂತೆ.”

ಅಮ್ಮ ಲೋಟ ತೆಗೆದುಕೊಂಡು ಒಳಗೆ ಹೋಗುವಳು. ಚಾಚಾ ಹೇಳಿದ ಮಾತು ಅವಳಿಗೆ ಅಪ್ಪನ ಬಾಯಿಂದಲೇ ಬಂದಷ್ಟು ದಿಟ. ನನಗೋ ಹೊಟ್ಟೆ ಉರಿಯುತ್ತಿತ್ತು. ಇಷ್ಟು ಭಾಷೆ ಬರುವ ನಾನು ಹೆತ್ತಪ್ಪನ ಮಾತು ತಿಳಿಯದೆ ಬಾಗಿಲಲ್ಲಿ ನಿಂತು ನೋಡಬೇಕಿತ್ತು.

ತರಗತಿಯಲ್ಲಿ ಕ್ರಿಯಾಪದಗಳು ಶುರುವಾದವು. ಮೊದಲು ಕಲಿಸಿದ್ದರಲ್ಲಿ ಒಂದು, ಮಾತಾಡು ಎನ್ನುವುದಕ್ಕೆ ಅವರ ಪದ, ಪಾರ್ಲೆ. ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವನು ಮಾತಾಡುತ್ತಾನೆ. ಬರೆದರೆ ಬೇರೆ ಬೇರೆ, ಬಾಯಲ್ಲಿ ಎಲ್ಲ ಒಂದೇ, ಪಾರ್ಲ್, ಪಾರ್ಲ್, ಪಾರ್ಲ್. ನಾವು ಮಗ್ಗಿ ಹೇಳಿದಂತೆ ಕೂಗುತ್ತಿದ್ದೆವು. ಅವನು ಮಾತಾಡುತ್ತಾನೆ ಎನ್ನುವ ಕಡೆ ನನ್ನ ದನಿ ಮಾತ್ರ ಇಳಿಯುತ್ತಿತ್ತು.

ಒಂದು ದಿನ ಕ್ಯಾಂಟೀನಿನ ಪಕ್ಕದ ಶೆಡ್ಡಿನಲ್ಲಿ ಜನರೇಟರ್ ಹಾಕಿದ್ದರು. ಮೇಡಂ ಎಷ್ಟು ಕೂಗಿದರೂ ನಮಗೆ ಕೇಳಿಸಲಿಲ್ಲ. ಸಾಕಾಗಿ ಅವರು ಬೋರ್ಡಿನ ಮೇಲೆ ಬರೆದರು: ಇವತ್ತು ದನಿ ಬೇಡ. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಕ್ರಿಯಾಪದವನ್ನು ತುಟಿಯಲ್ಲಿ ಮಾತ್ರ ಹೇಳಬೇಕು, ಇನ್ನೊಬ್ಬರು ನೋಡಿ ಯಾವುದೆಂದು ಬರೆಯಬೇಕು. ಅರ್ಧ ಗಂಟೆಯಲ್ಲಿ ನನ್ನ ಎದುರಿಗಿದ್ದವನ ತುಟಿಯಿಂದ ಹೋಗು, ಬಾ, ಕೊಡು, ತಿನ್ನು ಎಲ್ಲ ಒಂದೊಂದಾಗಿ ನನಗೆ ಕಾಣತೊಡಗಿದವು. ಕಿವಿಯ ಕೆಲಸ ಕಣ್ಣಿಗೆ ಬರುತ್ತದೆ ಎಂದು ಅಂದು ಗೊತ್ತಾಯಿತು. ತರಗತಿ ಮುಗಿಯುವವರೆಗೂ ಕೂರಲಾಗಲಿಲ್ಲ. ಮೇಡಂಗೆ ಹೊಟ್ಟೆನೋವು ಎಂದು ಹೇಳಿ ಎದ್ದು ಬಂದುಬಿಟ್ಟೆ.

ಅಪ್ಪನ ಎದುರಿಗೆ, ಚಾಚಾ ಕೂರುವ ಜಾಗದಲ್ಲಿ ಕೂತೆ. “ಏನಾದ್ರೂ ಹೇಳಪ್ಪ” ಎಂದೆ. ಅವನು ಹೋಗೇ ಎಂಬಂತೆ ಕೈ ಬೀಸಿದ. ನಾನು ಏಳಲಿಲ್ಲ. ನನ್ನ ಹಟ ಅವನಿಂದಲೇ ಬಂದದ್ದು, ಅದು ಅವನಿಗೂ ಗೊತ್ತು. ಕೊನೆಗೆ ಬಾಯಿ ಆಡಿಸಿದ. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ಮೂರನೆಯ ಸಲವೋ ನಾಲ್ಕನೆಯ ಸಲವೋ ನಾನು, “ಕಾಫಿ ಕುಡ್ದ್ಯಾ ಅಂತ ಕೇಳಿದ್ಯಾ?” ಎಂದೆ.

ಅಪ್ಪನ ಕಣ್ಣು ತುಂಬಿಕೊಂಡಿತು. ನಾನೂ ಅತ್ತೆ. ಕಾಫಿ ಕುಡಿದೆಯಾ ಎಂದು ಅಪ್ಪ ಕೇಳಿ ಎಷ್ಟು ಕಾಲವಾಗಿತ್ತು.

ಅಲ್ಲಿಂದ ಮುಂದಿನ ತಿಂಗಳುಗಳೇ ನಾನು ಅಪ್ಪನ ಜೊತೆ ಅತಿ ಹೆಚ್ಚು ಮಾತಾಡಿದ ಕಾಲ. ದನಿ ಇದ್ದಾಗ ಅವನು ಕಿರುಚುತ್ತಿದ್ದ, ನಾನು ಎದುರು ಕಿರುಚುತ್ತಿದ್ದೆ, ಅದು ಮಾತಾಗಿರಲಿಲ್ಲ. ತುಟಿ ಓದಬೇಕೆಂದರೆ ಮುಖ ಬಿಟ್ಟು ಬೇರೆಲ್ಲೂ ನೋಡುವಂತಿಲ್ಲ. ಅಪ್ಪನ ಮುಖವನ್ನು ನಾನು ಮೊದಲು ಅಷ್ಟು ಹೊತ್ತು ನೋಡಿಯೇ ಇರಲಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ. ಕೆನ್ನೆ ನೋಡಬೇಕು, ಯಾವ ಮಾತಿನ ಹಿಂದೆ ಬಂತೆಂದು ನೋಡಬೇಕು. ಕ, ಗ ಕಾಣುವುದೇ ಇಲ್ಲ, ಊಹಿಸಬೇಕು. ಚಾಚಾ ನನಗೆ ಕೆಲವು ಗುಟ್ಟು ಹೇಳಿಕೊಟ್ಟರು. “ಪೂರಾ ಮಾತು ನೋಡ್ಬೇಡ ಬೇಟಾ. ಏನು ಮಾಡು ಅಂತಾನೆ ಅಷ್ಟು ಹಿಡ್ಕೊ. ಬಾಕಿ ತಾನೇ ಬರುತ್ತೆ.” ಮೇಡಂ ಹೇಳುತ್ತಿದ್ದುದೂ ಅದೇ: ಕ್ರಿಯಾಪದ ಹಿಡಿದರೆ ವಾಕ್ಯ ಸಿಕ್ಕಂತೆ.

ಸಂಜೆ ನಾನು ಕನ್ನಡಿ ಹಿಡಿದು ಫ್ರೆಂಚ್ ಸ್ವರಗಳನ್ನು ದನಿಯಿಲ್ಲದೆ ಅಭ್ಯಾಸ ಮಾಡುವಾಗ ಅಪ್ಪ ನೋಡುತ್ತ ಕೂರುವನು. ಅದನ್ನೂ ಓದಲು ನೋಡುವನು. ಏನೂ ತಿಳಿಯದೆ ನಕ್ಕು, “ಅವರ್ಗೆ ಬಾಯೇನು ಕೊಳವೆನಾ?” ಎಂದು ತುಟಿಯಲ್ಲಿ ಕೇಳಿದ್ದ. ಒಂದು ಸಲ ನನ್ನ ಕೈಯಿಂದ ಕನ್ನಡಿ ಕಿತ್ತುಕೊಂಡು ತಾನೂ ತುಟಿ ಮುಂದೆ ಮಾಡಿ, ಪಾರ್ಲ್ ಎಂದ. ಸದ್ದಿಲ್ಲ, ಆದರೆ ಬಾಯಿ ಸರಿಯಾಗಿತ್ತು. ಮೇಡಂ ನೋಡಿದ್ದರೆ ಒಪ್ಪುತ್ತಿದ್ದರು.

ಅಮ್ಮನಿಗೆ ಮಾತ್ರ ನನ್ನ ಓದು ಪೂರ್ತಿ ನಂಬಿಕೆ ಹುಟ್ಟಿಸಲಿಲ್ಲ. ಸಣ್ಣಪುಟ್ಟದಕ್ಕೆ ನನ್ನನ್ನು ಕೇಳುವಳು. ದೊಡ್ಡ ಮಾತಿಗೆ ಚಾಚಾ ಬರಲಿ ಎನ್ನುವಳು. ನಾನು ಶುರುವಿನಲ್ಲಿ ಕೆಲವು ಸಲ ತಪ್ಪು ಓದಿದ್ದೆ, ಅದನ್ನು ಅವಳು ಮರೆತಿರಲಿಲ್ಲ.

ವರ್ಷ ತಿರುಗುವುದರೊಳಗೆ ಅಪ್ಪನ ಕಿವಿಯ ಕೆಳಗೆ ಗಂಟು ಕಾಣಿಸಿಕೊಂಡಿತು. ಅದೇ ಸುಮಾರಿಗೆ ಕಾರ್ಖಾನೆಯಲ್ಲಿ ಪರೀಕ್ಷೆ ನಡೆದು, ಹೋಗುವ ಇಬ್ಬರಲ್ಲಿ ನಾನೊಬ್ಬಳು ಎಂದಾಯಿತು. ಅಪ್ಪ ಚಾಚಾಗೆ ಅದನ್ನು ಹೇಳುವಾಗ ಕೈಯನ್ನು ವಿಮಾನದಂತೆ ಮೇಲಕ್ಕೆತ್ತಿ ಎತ್ತಿ ತೋರಿಸಿದ. ಪಾಸ್‌ಪೋರ್ಟಿಗೆ ಪೊಲೀಸರು ವಿಚಾರಿಸಲು ಬಂದ ದಿನ ಹೊಸ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದ. ಗಂಟಿಗೆ ಮತ್ತೆ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿದರೆ ಕರಗುತ್ತದೆ ಎಂದು ಅಮ್ಮ ನಂಬಿದ್ದಳು. ಮೊದಲ ಆಪರೇಷನ್ ಆದಮೇಲೆ ಅವನಿಗೆ ದಿನವೂ ಕರೆಂಟ್ ಕೊಡಿಸಿದ್ದೆವು. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗೆ ಆಗಿತ್ತು.

ಮತ್ತೆ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಕರೆಂಟ್ ಇನ್ನು ಕೊಡಲಾಗುವುದಿಲ್ಲ. ಇನ್ನೊಂದು ಆಪರೇಷನ್ ಮಾಡಿ, ಆಮೇಲೆ ಸಲೈನಿನಲ್ಲಿ ಮದ್ದು ಹಾಕಬಹುದು. ಗುಣವಾಗುತ್ತದೆ ಎನ್ನಲಾರೆ, ನೋವಂತೂ ಇದ್ದೇ ಇರುತ್ತದೆ, ಮನೆಯವರು ಯೋಚಿಸಿ ಹೇಳಿ ಎಂದರು. ನಾನು ಅದನ್ನು ಅಪ್ಪ ಅಮ್ಮ ಇಬ್ಬರ ಮುಂದೆಯೂ ಹೇಳಿದೆ. ಅಪ್ಪನ ಕಿವಿ ಚೆನ್ನಾಗಿತ್ತು. ಪ್ರೆಸ್ ಶಾಪಿನಲ್ಲಿ ದುಡಿದವನಿಗೆ ಅದೊಂದು ಹೇಗೋ ಉಳಿದಿತ್ತು.

ಅಮ್ಮ ಬಟ್ಟೆ ಒಗೆಯಲು ಹೋದಾಗ ಅಪ್ಪ ನನ್ನ ಕಡೆ ತಿರುಗಿ ಹೇಳಿದ. “ಸಾಕು. ಮನೇಗೆ ಓಗಾನ.”

ನಾನು ತಿಳಿಯದವಳಂತೆ ಮತ್ತೆ ಕೇಳಿದೆ. ಅವನು ಮತ್ತೆ ಹೇಳಿದ. ಅಂಗೈ ಕೆಳಗೆ ಮಾಡಿ ಹಾಸಿಗೆಯ ಮೇಲೆ ಮೆಲ್ಲಗೆ ಒತ್ತಿದ. ಮಷೀನು ನಿಲ್ಲಿಸು.

“ನಮ್ಮ ಜಗಲೀಲಿ ಮಲಗ್ಬೇಕು” ಎಂದ. “ಇಲ್ಲಿ ಕುಯ್ಯೋದು ಬ್ಯಾಡ.”

ಅಮ್ಮ ಬಂದಮೇಲೆ ನಾನು ಅವನು ಹೇಳಿದ ಹಾಗೇ ಹೇಳಿದೆ. ಒಂದು ಮಾತು ಸೇರಿಸಲಿಲ್ಲ, ಬಿಡಲಿಲ್ಲ. ಅವಳು ನನ್ನನ್ನು ವಾರ್ಡಿನ ಹೊರಗಿನ ಓಣಿಗೆ ಕರೆದುಕೊಂಡು ಬಂದಳು.

“ನಿಮ್ಮಪ್ಪ ಅಂಗಂದ್ರಾ?”

“ಹೂಂ.”

“ಇಲ್ಲ. ಅವರಂಗೆ ಅನ್ನಾಕಿಲ್ಲ. ಅವರು ಯಾವತ್ತೂ ಸಾಕು ಅಂದವ್ರಲ್ಲ.”

“ಅಮ್ಮ, ನಾನು ನೋಡಿದೀನಿ. ಬೇಕು ಅನ್ನೋಕೆ ತುಟಿ ಮುಚ್ಚಬೇಕು. ಅಪ್ಪನ ತುಟಿ ಮುಚ್ಚಲಿಲ್ಲ. ಎರಡು ಸಲ ಅಂದ.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಹಳ ಮೆತ್ತಗೆ ಹೇಳಿದಳು. “ನಿಂಗೆ ಪರದೇಸಕ್ಕೆ ಓಗೋ ದಿನ ಅತ್ರ ಬಂದೈತೆ. ಅದಕ್ಕೆ ನಿಂಗೆ ಅಂಗೆ ಕಾಣ್ತೈತೆ.”

ನನಗೆ ಬಂದ ಸಿಟ್ಟಿಗೆ ಅವಳನ್ನು ಅಲ್ಲೇ ಬಿಟ್ಟು ಗೇಟಿನವರೆಗೆ ನಡೆದುಬಿಟ್ಟೆ. ಹಾಗಾದರೆ ಅವನನ್ನೇ ಕೇಳು, ತಲೆಯಾಡಿಸುತ್ತಾನಲ್ಲ ಎನ್ನಬೇಕೆಂದು ತಿರುಗಿ ಬಂದೆ. ಅವಳು ಓಣಿಯ ಬೆಂಚಿನ ಮೇಲೆ ಎರಡೂ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಕೂತಿದ್ದಳು, ನೀರು ಸೀರೆಯ ಮೇಲೆ ಇಳಿಯುತ್ತಿತ್ತು. ಅಪ್ಪನನ್ನು ಕೇಳಲು ಅವಳಿಗೆ ಧೈರ್ಯವಿರಲಿಲ್ಲ. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ಹಿಂಡಿದೆ. ಮರುದಿನ ಆಫೀಸಿಗೆ ಹೋಗಿ ನಾನು ಹೋಗುವುದಿಲ್ಲ, ನನ್ನ ಬದಲು ಬೇರೆಯವರನ್ನು ಕಳಿಸಿ ಎಂದು ಹೇಳಿ ಬಂದೆ. ಇನ್ನಾದರೂ ನನ್ನ ಮಾತು ನಂಬುತ್ತಾಳೆ ಅಂದುಕೊಂಡೆ. ಆದರೆ ಫ್ರಾನ್ಸ್ ಬಿಟ್ಟೆನೆಂದು ಅಮ್ಮನಿಗೆ ಹೇಳಿ ನಂಬಿಸುವುದು ನನ್ನ ಜಂಬಕ್ಕೆ ಒಗ್ಗಲಿಲ್ಲ. “ಅಣ್ಣ ಬರ್ಲಿ” ಎಂದಷ್ಟೇ ಅಮ್ಮ ಅನ್ನುತ್ತಿದ್ದಳು.

ರಜೆಯ ದಿನ ಚಾಚಾ ಬಂದರು. ಕೈಯಲ್ಲಿ ಮೋಸಂಬಿಯ ಚೀಲ. ಅಪ್ಪನ ಎದುರಿಗೆ ಸ್ಟೂಲು ಎಳೆದುಕೊಂಡು, ಯಾವಾಗಿನಷ್ಟೇ ದೂರದಲ್ಲಿ ಕೂತರು. ನಾನು ಮಂಚದ ತಲೆಯ ಕಡೆ ನಿಂತಿದ್ದೆ. ಅಲ್ಲಿಂದ ಅಪ್ಪನ ತುಟಿ ನನಗೂ ಕಾಣುತ್ತಿತ್ತು. ಅಮ್ಮ ಕಾಲಿನ ಕಡೆ.

“ಅಣ್ಣ, ಡಾಕ್ಟ್ರು ಇನ್ನೊಂದ್ಸಲ ಆಪ್ರೇಷನ್ ಮಾಡ್ತೀವಿ ಅಂದವ್ರೆ” ಎಂದಳು ಅಮ್ಮ. “ಇವರೇನಂತಾರೆ, ನೀವೇ ನೋಡಿ ಏಳಿ.”

ಅಪ್ಪ ಚಾಚಾರನ್ನು ನೋಡಿ ಹೇಳಿದ. ನಿಧಾನವಾಗಿ, ಮಷೀನಿನ ಮುಂದೆ ಹೊಸಬರಿಗೆ ಹೇಳುವಂತೆ ಬಿಡಿಸಿ ಬಿಡಿಸಿ. ಸಾಕು ಕಣೋ. ಮನೇಗೆ ಕರ್ಕೊಂಡು ಓಗಿ. ಅವಳಿಗೆ ನೀನೇ ಏಳು, ನೀನು ಏಳಿದ್ರೆ ಕೇಳ್ತಾಳೆ.

ಚಾಚಾ ಅಲ್ಲಾಡದೆ ಕೂತಿದ್ದರು. ಅಮ್ಮ ಎರಡು ಹೆಜ್ಜೆ ಮುಂದೆ ಬಂದಳು.

“ಏನಂತೆ ಅಣ್ಣ?”

ಚಾಚಾ ಅಮ್ಮನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, ಮೋಸಂಬಿಯ ಚೀಲದ ಗಂಟು ಬಿಚ್ಚುತ್ತ ಹೇಳಿದರು. “ಮಾಡ್ಸಿ ಅಂತಾನೆ ಅಕ್ಕ. ಮಗಳ ಮದುವೆ ನೋಡ್ಬೇಕಂತೆ. ಬದುಕ್ತೀನಿ ಅಂತಾನೆ.”

ಅಪ್ಪ ಕಣ್ಣು ಅಗಲ ಮಾಡಿ ಚಾಚಾರನ್ನು ನೋಡಿದ. ಅಷ್ಟು ತಿಂಗಳು ಅವನ ಮಾತನ್ನು ಅವನು ಹೇಳಿದಂತೆಯೇ ಹೇಳಿದವರು ಅವರು. ನನಗೆ ಬಾಯಿ ತೆರೆಯಬೇಕೆನ್ನಿಸಿತು. ಸುಳ್ಳು, ನಾನೂ ನೋಡಿದೆ ಎನ್ನಬೇಕೆನ್ನಿಸಿತು. ಅಷ್ಟರಲ್ಲಿ ಅಮ್ಮ ಅಪ್ಪನ ಕಾಲು ಹಿಡಿದುಕೊಂಡಿದ್ದಳು.

“ಔದಾ?” ಎಂದು ಕೇಳಿದಳು. “ಅಂಗಂದ್ರಾ? ದಿಟವಾ?”

ಎಷ್ಟೋ ದಿನದಿಂದ ಅವಳ ಮುಖದಲ್ಲಿ ಇಲ್ಲದ ಕಳೆ ಆಗ ಬಂದಿತ್ತು. ಅಪ್ಪ ಅದನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ತಲೆಯಾಡಿಸಿದ. ಹೌದು ಎಂದು.

ಅಮ್ಮ ಆಗಲೇ ಡಾಕ್ಟರನ್ನು ಹುಡುಕಿಕೊಂಡು ಹೊರಟುಬಿಟ್ಟಳು. ಚಾಚಾ ಹಿಂದಿನಿಂದ ಎದ್ದು ಓಣಿಗೆ ಬಂದರು, ನಾನೂ ಬಂದೆ. ಗೋಡೆಗೆ ಒರಗಿ ನಿಂತು ಅವರು ಅಳುತ್ತಿದ್ದರು.

“ನಿಂಗೆ ಕಾಣ್ತು, ಗೊತ್ತು ಬೇಟಾ” ಎಂದರು. “ನಿಮ್ಮಮ್ಮನ ಮುಖ ನೋಡ್ಕೊಂಡು ಆ ಮಾತು ನನ್ನ ಬಾಯಿಗೆ ಬರ್ಲಿಲ್ಲ.”

ಅವರನ್ನು ಬೈಯಬೇಕೆಂದಿದ್ದೆ, ಆಗಲಿಲ್ಲ. ಒಳಗೆ ಹೋಗಿ ಅವರು ಕೂತಿದ್ದ ಸ್ಟೂಲಿನಲ್ಲಿ ಕೂತೆ. ಅಪ್ಪ ನನ್ನನ್ನು ಕಂಡು ತುಟಿ ಆಡಿಸಿದ. “ಅವಳ್ಗೆ ಏಳ್ಬ್ಯಾಡ” ಎಂದ. ನಾನು ದನಿಯಿಲ್ಲದೆ, ಅವನಂತೆಯೇ, “ಇಲ್ಲಪ್ಪ” ಎಂದೆ. ಅವನಿಗೆ ಕೇಳಿಸುತ್ತಿತ್ತು, ನಾನು ಬಾಯಿಬಿಟ್ಟೇ ಹೇಳಬಹುದಿತ್ತು. ಆದರೆ ಆ ಮಾತಿಗೆ ದನಿ ಬರಲಿಲ್ಲ.

ಆಪರೇಷನ್ ಆಯಿತು. ಈ ಸಲ ದವಡೆಯ ಹತ್ತಿರದವರೆಗೂ ತೆಗೆದರು. ಮುಖ ಊದಿಕೊಂಡು, ಹೊಲಿಗೆ ಬಿದ್ದು, ತುಟಿ ಅಲ್ಲಾಡಲಿಲ್ಲ. ಪ್ರತಿದಿನ ಕಾರ್ಖಾನೆಯಿಂದ ನೇರವಾಗಿ ಹೋಗಿ ಆ ತುಟಿಯನ್ನು ನೋಡುತ್ತ ಕೂರುತ್ತಿದ್ದೆ. ಓದಲು ಏನೂ ಇರಲಿಲ್ಲ. ಚಾಚಾ ಬರುತ್ತಿದ್ದರು, ಅವರೂ ನೋಡುತ್ತ ಕೂರುತ್ತಿದ್ದರು. ಮದ್ದು ಹಾಕಲು ಶುರುಮಾಡುವ ಮೊದಲೇ ಒಂದು ಮಧ್ಯಾಹ್ನ, ಅಮ್ಮ ಗಂಜಿ ತರಲು ಹೋಗಿದ್ದಾಗ, ಅಪ್ಪ ಆ ವಾರ್ಡಿನ ಮಂಚದ ಮೇಲೆಯೇ ತೀರಿಕೊಂಡ. ಜಗಲಿಗೆ ಅವನನ್ನು ತಂದು ಮಲಗಿಸಿದೆವು, ಆಮೇಲೆ.

ನನ್ನ ಬದಲು ಹೋದವರು ಫ್ರಾನ್ಸಿನಿಂದ ಹಿಂದಿರುಗಿ ಯಂತ್ರ ನಡೆಸಿದರು. ತರಗತಿ ನಿಂತಿತು. ಮೇಡಂ ಕೊನೆಯ ದಿನ ನನಗೆ, ಕಲಿಯುವುದನ್ನು ಬಿಡಬೇಡಿ ಎಂದರು. ನಾನು ಹೂಂ ಎಂದೆ, ಕಲಿಯಲಿಲ್ಲ. ಕ್ರಿಯಾಪದಗಳು ಒಂದೊಂದಾಗಿ ಉದುರಿಹೋದವು. ಅಪ್ಪನ ತುಟಿ ಓದಿದಂತೆ ಮತ್ತೆ ಯಾವ ಭಾಷೆಯನ್ನೂ ನಾನು ಅಷ್ಟು ಚೆನ್ನಾಗಿ ಕಲಿತಿಲ್ಲ. ಅದನ್ನು ಆಡುವವರಲ್ಲಿ ನಾನು, ಚಾಚಾ ಮಾತ್ರ ಉಳಿದೆವು. ನಾವಿಬ್ಬರೂ ಅದನ್ನು ಮತ್ತೆ ಆಡಲಿಲ್ಲ. ಕೆಲವು ವರ್ಷಗಳ ಮೇಲೆ ಚಾಚಾ ಕೂಡ ಹೋದರು.

ಅಮ್ಮ ಈಗ ನನ್ನ ಜೊತೆಯಲ್ಲಿದ್ದಾಳೆ. ನೆಂಟರು ಬಂದಾಗ ಅಪ್ಪನ ಕಡೆಯ ದಿನಗಳನ್ನು ಹೇಳುತ್ತಾಳೆ. ಎಷ್ಟು ನೋವಿದ್ದರೂ ಬದುಕಬೇಕೆಂಬ ಆಸೆ ಬಿಟ್ಟಿರಲಿಲ್ಲ, ತಾವೇ ಬಾಯಿಬಿಟ್ಟು ಹೇಳಿದರು, ಇಲ್ಲದಿದ್ದರೆ ನಾನು ಅಷ್ಟು ನೋವು ಕೊಡಿಸುತ್ತಿದ್ದೆನೇ ಎನ್ನುತ್ತಾಳೆ. ಆ ಮಾತಿನ ಮೇಲೆಯೇ ಅವಳು ಇಷ್ಟು ವರ್ಷ ನಿದ್ದೆ ಮಾಡಿದ್ದಾಳೆ.

ಮೊನ್ನೆ ಯಾರೋ ನೆಂಟರ ಮುಂದೆ ಹೇಳುತ್ತ ನನ್ನ ಕಡೆ ತಿರುಗಿದಳು. “ಇವಳು ಮನೇಗೆ ಕರ್ಕೊಂಡು ಓಗಾನ ಅಂತ ಕೂತಿದ್ಲು. ಆ ಅಣ್ಣಂಗೆ ತಿಳೀತಿತ್ತು, ಇವಳ್ಗೆ ಇವರಪ್ಪನ ಬಾಯಿ ತಿಳೀತಾನೇ ಇರ್ಲಿಲ್ಲ. ಅಲ್ವೇನೇ?”

“ಹೌದಮ್ಮ” ಎಂದೆ. “ನಂಗೆ ತಿಳೀತಾ ಇರ್ಲಿಲ್ಲ.”